ತಮ್ಮನ ಸಾಲಿನ ಕೆಂಪು

ಕಬ್ಬಿಣದ ಬೀರುಗಳಿಗೆ ಬಣ್ಣ ಹಚ್ಚುವ ಆ ಕಾರ್ಖಾನೆಯಲ್ಲಿ ಯಾರು ಎಲ್ಲಿದ್ದಾರೆಂದು ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ, ಕ್ಯಾಲೆಂಡರ್ ನೋಡುತ್ತಿದ್ದರು. ಎಲ್ಲರ ಫೋನಿನಲ್ಲೂ ಅದೇ ಕ್ಯಾಲೆಂಡರ್, ಏಳು ಜನ ಕೆಲಸಗಾರರಿಗೆ ಏಳು ಸಾಲು. ಹಸಿರಿದ್ದರೆ ಕೆಲಸ, ಕೆಂಪಿದ್ದರೆ ರಜೆ. ಮೊದಲು, ಹಚ್ಚಿದ ಬಣ್ಣವನ್ನು ಬೇಯಿಸಿ ಗಟ್ಟಿ ಮಾಡುವ ಬಿಸಿಕೋಣೆಯ ಬಾಗಿಲಲ್ಲಿ ಒಂದು ಹಲಗೆ ಇತ್ತು. ಒಳಗೆ ಹೋಗುವವನು ತನ್ನ ಹೆಸರಿನ ಬಿಲ್ಲೆಯನ್ನು ಅಲ್ಲಿ ನೇತುಹಾಕಿ ಹೋಗಬೇಕಿತ್ತು. ಕ್ಯಾಲೆಂಡರ್ ಬಂದ ಮೇಲೆ ಇದೆಲ್ಲ ಯಾಕೆಂದು ಯಜಮಾನರು ಅದನ್ನು ಕೀಳಿಸಿದರು. ಬುದ್ಧಿವಂತಿಕೆ ಜಾಸ್ತಿಯಾದರೆ ಹೀಗೇ.

ಕ್ಯಾಲೆಂಡರನ್ನು ನೋಡಿಕೊಳ್ಳುತ್ತಿದ್ದವಳು ಅಕ್ಕ. ಎಲ್ಲರೂ ಹಾಗೆ ಕರೆದರೂ ಒಡಹುಟ್ಟಿದ ಅಕ್ಕ ಆಗಿದ್ದದ್ದು ಒಬ್ಬನಿಗೆ ಮಾತ್ರ. ಆ ತಮ್ಮ ಮಹಾ ನಿದ್ದೆಬಡುಕ. ಹೇಳದೆ ಕೇಳದೆ ಮೂರು ಸಲ ತಪ್ಪಿಸಿದರೆ ಕೆಲಸ ಹೋಗುತ್ತದೆ, ಅವನದು ಆಗಲೇ ಎರಡಾಗಿತ್ತು. ಹಾಗಾಗಿ ಎಂಟೂವರೆಗೆ ಅವನ ಮುಖ ಕಾಣದಿದ್ದರೆ ಅವಳೇ ಅವನ ಸಾಲಿಗೆ ಕೆಂಪು ಹಚ್ಚಿ, ಅರ್ಧ ದಿನದ ರಜೆ ಎಂದು ಬರೆದುಬಿಡುತ್ತಿದ್ದಳು. ತಪ್ಪೆಂದು ಗೊತ್ತಿತ್ತು. ಆದರೂ ಹೊಟ್ಟೆಗೆ ಹಾಕಿಕೊಂಡಿದ್ದಳು.

ನಿನ್ನೆಯಷ್ಟೇ ಅವನಿಗೆ ಚೆನ್ನಾಗಿ ಬೈದಿದ್ದಳು. ಇವತ್ತು ಮತ್ತೆ ಎಂಟೂವರೆ ಆಯಿತು, ಆಸಾಮಿಯ ಪತ್ತೆಯಿಲ್ಲ. ವಾರಕ್ಕೊಮ್ಮೆ ಬಿಸಿಕೋಣೆಯೊಳಗಿನ ತಗಡಿನ ಗೋಡೆಯ ಹಿಂದೆ ನುಸುಳಿ ಮಸಿ ಕೆರೆಯುವ ಕೆಲಸವಿತ್ತು. ಇವತ್ತು ಅವನದೇ ಸರದಿ. ಹಲ್ಲು ಕಚ್ಚಿಕೊಂಡು ಅದನ್ನು ನಾಳೆಗೆ ಸರಿಸಿದಳು, ಅವನ ಸಾಲನ್ನು ಕೆಂಪು ಮಾಡಿದಳು.

ಒಂಬತ್ತಕ್ಕೆ ಬಿಸಿಕೋಣೆಯ ಮಾವ ಫೋನ್ ಮಾಡಿದ. ಎಲ್ಲರಿಗೂ ಮಾವನಾದ ಆ ಹಿರಿಯ ಕೈಗವಸು ತೆಗೆಯಲು ಸೋಮಾರಿ. ಯಾವಾಗಲೂ ಫೋನನ್ನು ಸ್ಪೀಕರಿಗೆ ಹಾಕಿ ಬಾಗಿಲ ಪಕ್ಕದ ಕಟ್ಟೆಯ ಮೇಲಿಟ್ಟೇ ಮಾತಾಡುತ್ತಿದ್ದ.

"ಏನ್ ತಾಯಿ, ಬಾಗಿಲು ಹಾಕಿ ಈಗ ತಾನೇ ಉರಿ ಹಚ್ಚಿದೆ. ಒಳಗೆ ಏನೋ ಟಕಟಕ ಅಂತಿದೆ. ಯಾರಾದ್ರೂ ಇದಾರಾ?"

ಅವಳು ಕ್ಯಾಲೆಂಡರ್ ನೋಡಿದಳು. "ಐದು ಜನ ಬಣ್ಣದ ಕಡೆ ಇದಾರೆ ಮಾವ. ನೀವು ಅಲ್ಲಿದೀರಿ. ಇನ್ನೊಬ್ಬನಿಗೆ ರಜೆ. ತಗಡು ಕಾಯೋವಾಗ ಸದ್ದು ಮಾಡಲ್ವಾ? ಅದನ್ನೆಲ್ಲ ಕಿವಿಗೆ ಹಾಕ್ಕೋಬೇಡಿ."

"ಹೂಂ, ನಿಂತೋಯ್ತು ಬಿಡು," ಎಂದ ಮಾವ.

ಇನ್ನು ತಮ್ಮನನ್ನು ಎಬ್ಬಿಸಿ ಗ್ರಹಚಾರ ಬಿಡಿಸಬೇಕೆಂದು ಅವಳು ಅವನಿಗೆ ಫೋನ್ ಹಚ್ಚಿದಳು.

ಫೋನ್ ಗೋಡೆಯ ಆಚೆ ರಿಂಗಾಯಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ, ಮೊಳೆಗೆ ನೇತುಹಾಕಿದ ಅವನ ಅಂಗಿಯ ಜೇಬಿನಲ್ಲಿ ಅದು ಬಡಿದುಕೊಳ್ಳುತ್ತಿತ್ತು. ಕೆಳಗೆ ಅವನ ಚಪ್ಪಲಿ. ಬೈಸಿಕೊಂಡವನು ಅವಳಿಗಿಂತ ಮುಂಚೆಯೇ ಬಂದಿದ್ದ, ಬಂದವನೇ ತನ್ನ ಸರದಿಯ ಕೆಲಸಕ್ಕೆ ಇಳಿದಿದ್ದ. ಅವಳು ಬಿಸಿಕೋಣೆಗೆ ಓಡಿದಳು. ದಾರಿಯಲ್ಲಿ ಬಣ್ಣದ ಡಬ್ಬಿಗಳು ಉರುಳಿದವು, ಯಾರೋ ಏನೋ ಕೇಳಿದರು, ಅವಳು ನಿಲ್ಲಲಿಲ್ಲ. ಮಾವನನ್ನು ತಳ್ಳಿ ತಾನೇ ಉರಿಯ ಗುಂಡಿ ಒತ್ತಿ ಆರಿಸಿದಳು, ಅಗುಳಿ ಎಳೆದಳು. ಬಿಸಿಗಾಳಿ ಮುಖಕ್ಕೆ ರಾಚಿತು.

ತಗಡಿನ ಸಂದಿನಿಂದ ಅವನನ್ನು ಎಳೆಯಲು ಮೂವರು ಬೇಕಾಯಿತು. ಹುಬ್ಬು ಸುಟ್ಟಿತ್ತು, ಅಂಗೈಯ ಚರ್ಮ ಎದ್ದಿತ್ತು. ಜೀವವಿತ್ತು. ನೀರು ಕುಡಿಸಿದರು, ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು. ಅಕ್ಕ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಇನ್ನೂ ಜೋರಾಗಿ ಬಡೀಬಾರ್ದಿತ್ತೇನೋ, ಯಾಕೋ ನಿಲ್ಲಿಸ್ದೆ?" ಎಂದು ಅತ್ತಳು.

ಅವನು ಒಣಗಿದ ತುಟಿ ಸವರಿಕೊಂಡ.

"ಹೊರಗೆ ಮಾವನ ಫೋನಲ್ಲಿ ನಿನ್ನ ದನಿ ಕೇಳಿಸ್ತು. ಏನಂದೆ ಅಂತ ಗೊತ್ತಾಗ್ಲಿಲ್ಲ. ಸದ್ಯ, ಅಕ್ಕಂಗೆ ಗೊತ್ತಾಯ್ತಲ್ಲ, ಇನ್ನು ಬಾಗಿಲು ತೆಗೀತಾರೆ ಅಂತ ನಿಲ್ಲಿಸ್ದೆ."