ಎರಡನೇ ಟೇಕಿಗೆ ಬಿಚ್ಚಬೇಕಾದ ಗಂಟು

ಅರಿಶಿನ ಇನ್ನೂ ಆರಿಲ್ಲ, ಮದುಮಗಳ ವೇಷದ ರೇಣುಕಾಳ ಕುತ್ತಿಗೆಯ ಹಿಂದೆ ತಾಳಿಯ ಹಸಿ ದಾರದ ಮೂರು ಗಂಟು, ಒಣಗಿದರೆ ಉಗುರಿಗೆ ಸಿಗುವುದಿಲ್ಲ, ಹಿಂದೆ ಕೊಕ್ಕೆ ಹಚ್ಚೋಣ ಪ್ರಭು ಎಂದು ಶೈಲಶ್ರೀ ನಿನ್ನೆಯೇ ಹೇಳಿದ್ದಳು – ಸುಮ್ನಿರು ಶೈಲಕ್ಕಾ, ನನ್ನ ಸಿನಿಮಾದಾಗ ಎಲ್ಲಾ ಖರೇ ಇರಬೇಕು – ಖರೇ ಅಂತೆ, ಬಾಡಿಗೆ ಕೊಡಲಾಗದ ನಿರ್ದೇಶಕನ ಸಿದ್ಧಾಂತ, ಹಾಗಾಗಿ ಖರೇ ಅಯ್ಯನವರು, ಖರೇ ಮಂತ್ರ, ಒಂದು ಊಟಕ್ಕೆ ಬಂದು ಕೂತ ಖರೇ ಇರಕಲ್ಲಗಡ ಊರಿನ ಜನ, ಪಿನ್ನು ಕತ್ತರಿ ಹಿಡಿದು ಸೀರೆ ನೋಡಿಕೊಳ್ಳಲು ಸಂಬಳ ಕೇಳದ ದೊಡ್ಡಪ್ಪನ ಮಗಳು ತಾನು, ಕ್ಯಾಮೆರಾಕ್ಕೆ ಕುಷ್ಟಗಿಯ ಮದುವೆ ವಿಡಿಯೋದ ಸಣ್ಣಪ್ಪ – ಆ ಮಹಾನುಭಾವ ಸರಿಯಾಗಿ ತಾಳಿ ಬೀಳುವ ಹೊತ್ತಿಗೆ ರೂಢಿಯಂತೆ ಕೈ ಎತ್ತಿ ಎಲ್ಲಾರೂ ಈ ಕಡಿ ನೋಡ್ರಿ, ಜರಾ ನಗ್ರಿ ಎಂದ, ಅಳಬೇಕಾದ ಮದುಮಗಳಿಂದ ಅಯ್ಯನವರ ತನಕ ಎಲ್ಲರೂ ನಕ್ಕರು, ಶಾಟ್ ಹಾಳು. ತಾಳಿ ಬಿಚ್ರಿ, ಇನ್ನೊಮ್ಮೆ ತಗಿಯೂಣು, ಪ್ರಭುರಾಜ ಚಪ್ಪರ ಬಿಚ್ಚುವವರಿಗೆ ಹೇಳಿದ ಹಾಗೆ ಹೇಳಿದ, ಒಬ್ಬ ಹೆಂಗಸೂ ಕದಲಲಿಲ್ಲ, ಮುಂದೆ ಕೂತಿದ್ದ ಹಿರಿ ಮುತ್ತೈದೆ ಬಸವಣ್ಣೆಮ್ಮ ಸೆರಗು ಬಿಗಿದುಕೊಂಡಳು, ಮುತ್ತೈದೇರು ಅದಕ್ಕ ಕೈ ಹಚ್ಚಂಗಿಲ್ಲೋ ತಮ್ಮಾ. ಇದು ನಾಟಕ ಅತ್ತೀ. ನಾಟಕಕ್ಕ ಮಂತ್ರ ಯಾಕ ಓದಿಸಿದಿ? ರೇಣುಕಾ ಬಿಕ್ಕುತ್ತಿದ್ದಾಳೆ, ನಮ್ಮಪ್ಪ ಗಂಗಾವತಿಯಿಂದ ಕರಿಯಾಕ ಹೊಂಟಾನ್ರಿ, ಇದನ್ನ ನೋಡಿದ್ರ ಕಾಲೇಜ ಬಿಡಸ್ತಾನ – ಈಗ ಅಳು ಚೆನ್ನಾಗಿ ಬಂದಿದೆ, ಈಗ ಕ್ಯಾಮೆರಾ ಬಂದ್. ಆಮೇಲೆ ಎಲ್ಲರೂ ಶೈಲಶ್ರೀಯ ಕಡೆ ನೋಡಿದರು, ಬಾಯಿ ಬಿಟ್ಟು ಹೇಳಲಿಲ್ಲ, ಎಷ್ಟು ಮರ್ಯಾದಸ್ಥರು, ಬೆಳಿಗ್ಗೆ ಮದುಮಗಳಿಗೆ ಅರಿಶಿನ ಹಚ್ಚುವಾಗ ನೀ ಜರಾ ಹೊರಗ ನಿಂದರವಾ ಎಂದ ಅದೇ ಹೆಂಗಸರು – ನೀನ ಬಿಚ್ಚಿಬಿಡು ಶೈಲಕ್ಕಾ, ನಿನಗೇನೂ... ಪ್ರಭುರಾಜ ಮಾತು ನುಂಗಿದ, ವಿಧವೆಯ ಗೋಳಿನ ಮೇಲೆಯೇ ಸಿನಿಮಾ ತೆಗೆಯುತ್ತಿರುವ ಪುಣ್ಯಾತ್ಮ. ಅವಳು ಕತ್ತರಿಯ ಹಿಡಿಕೆಯನ್ನು ಅವನತ್ತ ತಿರುಗಿಸಿ ಚಾಚಿದಳು, ಕಟ್ಟಿಸಿದಾವ ನೀನು, ತಗೋ – ಅವನು ಹಿಂದೆ ಸರಿದ, ಅವನೂ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಸಣ್ಣಪ್ಪನಿಗೆ ಪಿಸುಗುಟ್ಟಿದ, ಚಾಲೂ ಮಾಡು, ಇದು ಖರೇ ಐತಿ. ಥೂ. ಯಲಬುರ್ಗಾದ ಆ ಅಂಗಳದಲ್ಲಿ, ಗಂಡನ ಹೆಣದ ಮುಂದೆ, ತನ್ನ ಕುತ್ತಿಗೆಯೂ ಹೀಗೇ ಬಗ್ಗಿತ್ತು, ಎಲ್ಲರೂ ನೋಡುತ್ತಿದ್ದರು, ದಾರ ಒಣಗಿತ್ತು, ಉಗುರಿಗೆ ಸಿಗಲಿಲ್ಲ, ಹಿಂದಿನಿಂದ ಬಂದ ತಣ್ಣನೆಯ ಕಬ್ಬಿಣ – ಅವಳ ಕೈಯ ಕತ್ತರಿ ನೆಲಕ್ಕೆ ಬಿತ್ತು, ಬೀಳಲಿ, ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ಹುಡುಗಿಯನ್ನು ಮರೆಮಾಡಿ ನಿಂತಳು, ಅಲುಗಾಡಬ್ಯಾಡವಾ, ಕತ್ತರಸೂದಿಲ್ಲ – ಇನ್ನೂ ಹಸಿ, ಉಗುರಿಗೆ ಸಿಗುತ್ತದೆ, ಬೆರಳ ತುದಿಗೆ ಹಳದಿ, ಹಸಿ ದಾರ, ಗಂಟು, ಹಸಿ ಗಂಟು –