ಏಳನೆಯ ಆಕಾಶದ ಕಣಜ

ಶುಕ್ರವಾರ ಬೆಳಗಿನ ಪ್ರಾರ್ಥನೆಯಲ್ಲಿ ಗೆದಲ್ಯ ಹದಿನೈದನೆಯ ಬೇಡಿಕೆಯನ್ನು ಹಾರಿಸಿಬಿಟ್ಟ. ಮರೆತು ಹಾರಿಸಿದ್ದಲ್ಲ, ಬೇಕೆಂದೇ. ಮನೆಯ ಮೂಲೆಯಲ್ಲಿ ಒಬ್ಬನೇ ನಿಂತು ಗೊಣಗಿಕೊಳ್ಳುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಹತ್ತೊಂಬತ್ತು ಬೇಡಿಕೆಗಳ ಸಾಲಿನಲ್ಲಿ ಅದು ಲೋಕವನ್ನು ಉದ್ಧರಿಸಲು ಬರಬೇಕಾದ ಮೆಸ್ಸೀಯನದು. ದಾವೀದ ರಾಜನ ವಂಶದ ಚಿಗುರು ಬೇಗ ಮೂಡಲಿ, ಬೇಗ ಬರಲಿ ಎಂಬುದು. ಬುದ್ಧಿ ಬಂದಾಗಿನಿಂದ ದಿನಕ್ಕೆ ಮೂರು ಸಲ ಹೇಳಿಕೊಂಡು ಬಂದವನಿಗೆ ಅವತ್ತು ‘ಬೇಗ’ ಎನ್ನಲು ನಾಲಿಗೆಯೇ ಏಳಲಿಲ್ಲ.

ಒಳಕೋಣೆಯಲ್ಲಿ ಹೆಂಡತಿ ಓರೊಗೆ ನಸುಕಿನಿಂದಲೇ ನೋವು ಶುರುವಾಗಿತ್ತು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಬಸಿರು.

ಅವನ ತಲೆ ಕೆಡಿಸಿದ್ದು ಹಿಂದಿನ ದಿನದ ಪಾಠ. ಸಫೆದ್ ಊರಿನ ಯೆಹೂದಿ ನೇಕಾರರು ಸಂಜೆ ಮಗ್ಗ ನಿಲ್ಲಿಸಿ, ಕೈ ತೊಳೆದುಕೊಂಡು, ತಮ್ಮ ಪುಟ್ಟ ಪ್ರಾರ್ಥನಾಮಂದಿರದಲ್ಲಿ ಕೂತರೆ ಗುರುಗಳಾದ ಹಖಾಮ್ ಶೆಮಾಯ ಪಾಠ ಹೇಳುತ್ತಿದ್ದರು. ಆ ವಾರ ಏಳು ಆಕಾಶಗಳ ಪಾಠ. ಮೊದಲನೆಯದು ಬೆಳಿಗ್ಗೆ ಸಂಜೆ ಎಳೆಯುವ ಪರದೆ ಅಂದಾಗ, ಬರ್ಜಿಲ್ಲಾಯ್ ಎಂಬ ನೇಕಾರ, “ಅದನ್ನ ನೇಯೋಕೆ ಎಷ್ಟು ಎಳೆ ಹಖಾಮರೇ?” ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. ಮೂರನೆಯದರಲ್ಲಿ ಸಜ್ಜನರಿಗಾಗಿ ಮನ್ನಾ ಎಂಬ ದೇವಲೋಕದ ಆಹಾರ ಬೀಸುವ ಬೀಸುಕಲ್ಲು, ನಾಲ್ಕನೆಯದರಲ್ಲಿ ಮೇಲಿನ ಜೆರೂಸಲೇಮ್, ಆರನೆಯದರಲ್ಲಿ ಹಿಮ, ಆಲಿಕಲ್ಲುಗಳ ಉಗ್ರಾಣ. ಏಳನೆಯದರಲ್ಲಿ ಸತ್ತವರನ್ನು ಎಬ್ಬಿಸಲೆಂದು ತೆಗೆದಿಟ್ಟ ಇಬ್ಬನಿ, ಜೊತೆಗೆ ಇನ್ನೂ ಹುಟ್ಟದವರ ಆತ್ಮಗಳ ಕಣಜ.

“ಆ ಕಣಜ ಬರಿದಾಗೋವರೆಗೂ ದಾವೀದನ ಮಗ ಮೆಸ್ಸೀಯ ಬರಲ್ಲ,” ಎಂದಿದ್ದರು ಹಖಾಮರು. ಆಮೇಲೆ ಗಡ್ಡ ನೀವಿಕೊಳ್ಳುತ್ತಾ, “ಈ ವರ್ಷ ನಮ್ಮೂರಲ್ಲಿ ಹುಟ್ತಿರೋ ಕೂಸುಗಳನ್ನ ನೋಡಿದ್ರೆ ಕಣಜದ ತಳ ಕಾಣ್ತಾ ಇರ್ಬೇಕು ಕಣ್ರಯ್ಯಾ,” ಎಂದು ಸೇರಿಸಿದ್ದರು.

ಎಲ್ಲರೂ ಖುಷಿಯಿಂದ ಮನೆಗೆ ಹೋದರು. ಗೆದಲ್ಯನಿಗೆ ಮಾತ್ರ ಊಟ ಸೇರಲಿಲ್ಲ. ನೇಯ್ದು ಮುಗಿಸಿದ ಬಟ್ಟೆಯನ್ನು ಮೂರು ಸಲ ತಿರುವಿ ಗಂಟು ಹುಡುಕುವ ಜೀವ ಅದು. ತಳ ಕಾಣುತ್ತಿದೆ ಅಂದರೆ ಇನ್ನೆಷ್ಟು ಉಳಿದಿರಬಹುದು? ಹತ್ತು? ಮೂರು? ಭಾನುವಾರ ಬರ್ಜಿಲ್ಲಾಯ್ ಮನೆಗೆ ಒಂದು ಬಂತು. ಮಂಗಳವಾರ ನೂಲಿಗೆ ಬಣ್ಣ ಹಾಕುವವನ ಮನೆಗೆ ಎರಡು. ದಮಾಸ್ಕಸ್ಸಿನಲ್ಲಿ ಎಷ್ಟೋ, ಇಸ್ತಾಂಬುಲ್ಲಿನಲ್ಲಿ ಎಷ್ಟೋ. ಅಷ್ಟರಲ್ಲಿ ಮೆಸ್ಸೀಯ ಬಂದುಬಿಟ್ಟರೆ? ಕಣಜ ಮುಚ್ಚಿಬಿಟ್ಟರೆ? ತನ್ನ ಕೂಸು ಆತ್ಮವೇ ಇಲ್ಲದೆ ಬರೀ ಮಾಂಸದ ಮುದ್ದೆಯಾಗಿ ಕೆಳಗಿಳಿದರೆ? ಯಾರಿಗಾದರೂ ಹೇಳೋಣವೆಂದರೆ, ಮೆಸ್ಸೀಯ ಇವತ್ತು ಬರಬಾರದು ಎಂದುಕೊಳ್ಳುವುದೇ ಪಾಪ.

“ಅತ್ತೆ, ಇನ್ನೂ ಎಷ್ಟೊತ್ತು?” ಎಂದು ಅವನು ಮಧ್ಯಾಹ್ನ ಮತ್ತೆ ಬಾಗಿಲ ಬಳಿ ನಿಂತು ಕೇಳಿದ.

ಓರೊಳ ತಾಯಿ ಝಿಂಬುಲ್ ಊರಿಗೇ ಸೂಲಗಿತ್ತಿ. ತನ್ನ ಅಜ್ಜಿ ಸ್ಪೇನಿನಿಂದ ಹೊತ್ತು ತಂದಿದ್ದ ಹೆರಿಗೆಯ ಕುರ್ಚಿಗೆ ಬಟ್ಟೆ ಹೊದಿಸುತ್ತಿದ್ದವಳು ತಿರುಗಿ ನೋಡಿದಳು.

“ಹೊತ್ತು ಹೇಳೋಕೆ ಇದೇನು ಒಲೇಲಿರೋ ರೊಟ್ಟಿನಾ?”

“ಅಲ್ಲ, ಬೇಗ ಆಗುತ್ತೇನೋ ಅಂತ...”

“ಬೆಳಗಿಂದ ಇಪ್ಪತ್ತು ಸಲ ಕೇಳ್ದೆ, ಬೇಗ ಬೇಗ ಅಂತ. ಯಾರ ಜೊತೆ ಪಂದ್ಯ ಕಟ್ಟಿದೀಯಪ್ಪಾ? ಈ ವಾರ ಪ್ರಾರ್ಥನೆ ನಡೆಸೋ ಸರದಿ ನಿಂದಲ್ವಾ? ನಡಿ!”

ಒಳಗಿನಿಂದ ಓರೊ ಕೂಗಿದಳು: “ಹೋಗಿಬನ್ನಿ ಅತ್ಲಾಗೆ! ನೋವನ್ನಾದ್ರೂ ತಡ್ಕೋಬಹುದು, ನಿಮ್ಮ ಕಾಲಸಪ್ಪಳ ತಡ್ಕೊಳೋಕಾಗ್ತಿಲ್ಲ!”

ಮಂದಿರದಲ್ಲಿ ನಲವತ್ತು ಜನ ಸೇರಿದ್ದರು. ಎಲ್ಲರೂ ಮಿಂದು ಬಿಳಿ ಬಟ್ಟೆ ತೊಟ್ಟಿದ್ದರು. ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ, ಸಂಜೆಗೆ ಶುರುವಾಗುವ ವಾರದ ವಿಶ್ರಾಂತಿದಿನವಾದ ಸಬ್ಬತ್ತನ್ನು ರಾಣಿಯೆಂದು ಎದುರುಗೊಳ್ಳಲು ಹೊಲಗಳ ಕಡೆ ಹೋಗುವವರು. ಗೆದಲ್ಯ ಮುಂದೆ ನಿಂತು ಗಟ್ಟಿಯಾಗಿ ಶುರುಮಾಡಿದ. ಹದಿನಾಲ್ಕನೆಯದರವರೆಗೆ ಸರಾಗವಾಗಿ ಬಂತು. ಜೆರೂಸಲೇಮನ್ನು ಕಟ್ಟುವವನೇ ಎಂದು ಮುಗಿಸಿದ. ಉಸಿರೆಳೆದುಕೊಂಡು ನೆಟ್ಟಗೆ ಹದಿನಾರಕ್ಕೆ ಹಾರಿ, “ನಮ್ಮ ದನಿಯನ್ನು ಕೇಳು...” ಎಂದ.

ಬೆಂಚುಗಳು ದಡಬಡ ಸದ್ದು ಮಾಡಿದವು. “ದಾವೀದ! ದಾವೀದ!” “ಬಿಟ್ಟೆಯಲ್ಲಯ್ಯಾ, ಹಿಂದೆ ಹೋಗು!”

ಗೆದಲ್ಯ ಹದಿನೈದಕ್ಕೆ ಹಿಂದಿರುಗಿದ. ಬಾಯಿ ತೆರೆದ. ಏನೂ ಹೊರಡಲಿಲ್ಲ. ಮತ್ತೆ ತೆರೆದ.

“ಎಳೆ ತುಂಡಾಯ್ತೇನೋ?” ಎಂದ ಬರ್ಜಿಲ್ಲಾಯ್ ಹಿಂದಿನ ಸಾಲಿನಿಂದ.

ಪ್ರಾರ್ಥನೆ ನಡೆಸುವವನು ನಡುವೆ ಮಾತಾಡುವಂತಿಲ್ಲ. ಆದರೆ ಹಖಾಮ್ ಶೆಮಾಯ ಎದ್ದು ಬಂದು ಅವನ ಮುಖ ನೋಡಿ, “ಪರವಾಗಿಲ್ಲ, ಹೇಳು. ಮೈ ಸರಿ ಇಲ್ವಾ?” ಎಂದರು.

ಗೆದಲ್ಯನ ಕಣ್ಣು ತುಂಬಿತು. “ಬೆಳಗಿಂದ ಓರೊಗೆ ನೋವು, ಹಖಾಮರೇ. ಕಣಜದ ತಳ ಕಾಣ್ತಿದೆ ಅಂದ್ರಲ್ಲ. ಅವನು ಇವತ್ತೇ ಬಂದ್ಬಿಟ್ರೆ ನನ್ನ ಮಗೂಗೆ ಆತ್ಮ ಎಲ್ಲಿಂದ ತರ್ಲಿ? ಅವನನ್ನ ಬೇಗ ಬಾ ಅಂತ ಕರೆಯೋಕೆ ನನ್ನಿಂದ ಆಗ್ತಿಲ್ಲ.”



“ಅಲ್ಲಪ್ಪಾ,” ಎಂದ ಬರ್ಜಿಲ್ಲಾಯ್, “ಸಾವಿರದೈನೂರು ವರ್ಷದಿಂದ ಲೋಕವೆಲ್ಲ ದಾರಿ ಕಾಯ್ತಿರೋನನ್ನ ನೀನೊಬ್ಬ ಹೊಸ್ತಿಲಲ್ಲೇ ನಿಲ್ಲಿಸಿದೀಯಾ, ಹೆಂಡ್ತಿ ಹೆರಿಗೆ ಆಗ್ಲಿ ಇರು ಅಂತ!”

ನಲವತ್ತು ಜನವೂ ಬಿದ್ದು ಬಿದ್ದು ನಕ್ಕರು. ಹಖಾಮರು ಮಾತ್ರ ನಗಲಿಲ್ಲ.

“ತಪ್ಪು ನಂದು. ನಾನೇನು ಮೇಲೆ ಹತ್ತಿ ಇಣುಕಿ ನೋಡಿ ಬಂದಿದ್ನಾ? ಬಾಯಿಗೆ ಬಂತು, ಅಂದ್ಬಿಟ್ಟೆ. ಇರ್ಲಿ. ಪಾಠದ ಮಾತು ಏನಿತ್ತು, ಅದನ್ನ ಹೇಳು.”

“ಕಣಜ ಬರಿದಾಗೋವರೆಗೂ ಅವನು ಬರಲ್ಲ ಅಂತ.”

“ಅಂದ್ರೆ ಯಾರು ಯಾರಿಗೆ ಕಾಯ್ಬೇಕು?”

ಗೆದಲ್ಯ ಮೂಗು ಒರೆಸಿಕೊಂಡ. “ಅವನು... ಅವನೇ ಕಾಯ್ಬೇಕು.”

“ಯಾರಿಗೆ?”

“ನನ್ನ ಮಗೂಗೆ?”

“ಹೂಂ! ನಿನ್ನ ಕೂಸು ಬರೋಕೆ ಮುಂಚೆ ಅವನು ಬರೋ ಹಾಗೇ ಇಲ್ಲ. ತಿರುವುಮುರುವು ನೇಯ್ಕೊಂಡು ಕೂತಿದೀಯಲ್ಲೋ. ಅವನನ್ನ ಬೇಗ ಬಾ ಅಂತ ಕರೆದ್ರೆ, ನಿನ್ನ ಕೂಸನ್ನೂ ಬೇಗ ಬಾ ಅಂತ ಕರೆದ ಹಾಗೇನೇ.”

ಗೆದಲ್ಯ ಆ ಮಾತನ್ನು ಒಂದು ಸಲ ತಿರುವಿ ನೋಡಿದ. ಎರಡನೇ ಸಲ ನೋಡಿದ. ಜನ ಕೆಮ್ಮತೊಡಗಿದರು. ಮೂರನೇ ಸಲವೂ ನೋಡಿದ. ಗಂಟು ಸಿಗಲಿಲ್ಲ.

ಆಮೇಲೆ ಜೆರೂಸಲೇಮಿನ ಕಡೆಯ ದಕ್ಷಿಣದ ಗೋಡೆಗೆ ತಿರುಗಿ ನಿಂತು ಹದಿನೈದನೆಯದನ್ನು ಎತ್ತಿಕೊಂಡ. ಅಷ್ಟು ದೊಡ್ಡ ದನಿ ತನ್ನೊಳಗಿತ್ತು ಎಂಬುದು ಅವನಿಗೇ ಗೊತ್ತಿರಲಿಲ್ಲ. ‘ಬೇಗ’ ಎಂದಾಗ ದೀಪದ ಕುಡಿಯೇ ಅಲುಗಿತು ಎಂದು ಬರ್ಜಿಲ್ಲಾಯ್ ಆಮೇಲೆ ಆಣೆ ಹಾಕಿ ಹೇಳುತ್ತಿದ್ದ. ನಲವತ್ತು ಬಾಯಿಗಳು ಒಟ್ಟಿಗೇ ಆಮೆನ್ ಎಂದವು. ಉಳಿದ ನಾಲ್ಕನ್ನು ಗೆದಲ್ಯ ಒಂದಕ್ಷರವೂ ಬಿಡದೆ ಹೇಳಿದ. ಆದರೆ ಅಷ್ಟು ಚುರುಕಾಗಿ ಯಾರೂ ಹೇಳಿದ್ದನ್ನು ಆ ಮಂದಿರ ಕೇಳಿರಲಿಲ್ಲ.

ಮುಗಿದದ್ದೇ ತಡ, ಓಡಿದ. ಹೊಲದ ದಾರಿಯೂ ಅವನ ಮನೆಯ ಮುಂದೆಯೇ. ಹಾಗಾಗಿ ಬಿಳಿ ಬಟ್ಟೆಯ ನಲವತ್ತು ಜನವೂ ಮೆಟ್ಟಿಲುಬೀದಿಯಲ್ಲಿ ಅವನ ಹಿಂದೆಯೇ ದಡದಡ ಇಳಿದರು. ಬಿಸಿಲು ಇನ್ನೂ ಎದುರುಗುಡ್ಡದ ಮೇಲಿತ್ತು. ಬಾಗಿಲು ಮುಟ್ಟುವ ಮುಂಚೆಯೇ ಕಿಟಕಿಯಿಂದ ಅಳು ಕೇಳಿತು.

ಝಿಂಬುಲ್ ತೋಳು ಒರೆಸಿಕೊಳ್ಳುತ್ತಾ ಹೊರಗೆ ಬಂದು ಗಕ್ಕನೆ ನಿಂತಳು. “ಇದೇನಿದು ದಿಬ್ಬಣ? ಹೆಣ್ಣುಮಗು ಕಣ್ರಪ್ಪಾ! ತಾಯೀನೂ ಚೆನ್ನಾಗಿದಾಳೆ.”

“ಅತ್ತೆ, ಆತ್ಮ... ಇದೆ ತಾನೇ?”

“ಇವಳ ಅಳುವಿಗೆ ಊರಾಚೆ ಮೇಕೆಗಳೂ ತಿರುಗಿ ನೋಡ್ತಿವೆ, ನಿನ್ನ ಕಿವಿಗೇನಾಗಿದೆ? ಬಾ ಒಳಗೆ!”

ಹೊರಗೆ ಜನ ಹಾಡು ಎತ್ತಿಕೊಂಡು ಹೊಲದ ಕಡೆ ಇಳಿದರು. ಹಖಾಮರಿಗೂ ಹೆಜ್ಜೆ ಹಾಕುವ ಹುಮ್ಮಸ್ಸು ಬಂದಿತ್ತು. ಒಳಗೆ ಗೆದಲ್ಯ ಕೂಸನ್ನು ಎತ್ತಿಕೊಂಡ. ಝಿಂಬುಲ್ ಕೊಡು ಎಂದರೂ ಕೊಡಲಿಲ್ಲ. ಅದರ ಕಿವಿಗೆ ಬಾಯಿಟ್ಟು ಏನೋ ಪಿಸುಗುಟ್ಟಿದ.

“ಏನ್ರೀ ಕೇಳ್ತಿದೀರಾ ಅವಳನ್ನ?” ಎಂದಳು ಓರೊ, ದಿಂಬಿಗೆ ಒರಗಿಕೊಂಡು.

“ಮೇಲಿನ ಕಣಜದಲ್ಲಿ ಇನ್ನೂ ಎಷ್ಟು ಜನ ಉಳಿದಿದಾರೆ ಅಂತ. ಅದು ಬರಿದಾಗೋವರೆಗೂ ಮೆಸ್ಸೀಯ ಬರಲ್ವಂತೆ.”

ಕೂಸು ದೊಡ್ಡದಾಗಿ ಆಕಳಿಸಿತು.

“ಬೇಕಾದಷ್ಟು ಜನ ಇದಾರಂತೆ,” ಎಂದಳು ಓರೊ. “ಇವಳಿಗೊಬ್ಬ ತಮ್ಮ ಬರೋವರೆಗಾದ್ರೂ ಅವನು ಕಾಯ್ಲಿ ಬಿಡಿ.”