ಆರಬಾರದ ಬೆಸುಗೆ

ನಾನು ಬೆಸೆದ ಗೇಟಿಗೆ ಒಮ್ಮೆ ಲಾರಿ ಗುದ್ದಿತು. ಲಾರಿಯನ್ನು ಗುಜರಿಗೆ ಹಾಕಿದರು, ಗೇಟಿನ ಬಣ್ಣ ಕೂಡ ಹೋಗಿರಲಿಲ್ಲ. ನನ್ನ ವೆಲ್ಡಿಂಗ್ ಬೆಳಕಿಗೆ ಆಚೆ ಬೀದಿಯ ಕೋಳಿಗಳು ನಡುಮಧ್ಯಾಹ್ನ ಎದ್ದು ಕೂಗುತ್ತವೆ. ಇಂಥ ನನ್ನೆದುರು ಒಬ್ಬ ಮ್ಯಾನೇಜರು ಬಂದು ಎರಡು ಪೈಪಿನ ತುಂಡು ಇಟ್ಟರು.

"ಇದು ಟೈಟಾನಿಯಂ, ಇದು ಸ್ಟೇನ್‌ಲೆಸ್ ಸ್ಟೀಲು. ಎರಡನ್ನೂ ಸೇರಿಸ್ಬೇಕು. ಎಲ್ಲರೂ ಆಗಲ್ಲ ಅಂದ್ರು."

"ಎಲ್ಲರೂ ಅಂದ್ರೆ ಯಾರು ಸಾರ್? ನನ್ನನ್ನ ಕೇಳಿದ್ರಾ?"

ಹಿಂದಿನಿಂದ ನನ್ನ ಬಾಮೈದ ಕೆಮ್ಮಿದ. ನನ್ನ ಹೆಂಡತಿಯ ತಮ್ಮ ಎಂಬ ಒಂದೇ ಅರ್ಹತೆಯ ಮೇಲೆ ಅಂಗಡಿ ಸೇರಿದವನು. ವೆಲ್ಡಿಂಗ್ ಕಡ್ಡಿ ಕೊಡುವುದು, ದೀಪ ಹಿಡಿಯುವುದು ಅವನ ಕೆಲಸ.

"ಭಾವ, ಅವೆರಡೂ ನೇರವಾಗಿ ಕೂಡಲ್ಲ. ಬಿಸಿ ಇರೋವರೆಗೆ ಅಂಟ್ಕೊಂಡಿರ್ತವೆ, ತಣ್ಣಗಾದ್ರೆ ಬಿಸ್ಕತ್ತಿನ ಹಾಗೆ ಮುರೀತವೆ. ನಡುವೆ ತಾಮ್ರದ್ದೊಂದು ಬಳೆ ಇಟ್ಟು..."

"ನಾನು ಬೆಸೆಯೋ ಕಡೆ ಮಧ್ಯಸ್ಥಗಾರರಿಗೆ ಜಾಗ ಇಲ್ಲ ಕಣೋ! ಇದು ಮುರೀತೋ, ನನ್ನ ವೆಲ್ಡಿಂಗ್ ಟಾರ್ಚು ನಿಂದು. ಬದುಕಿರೋವರೆಗೂ ನಿನಗೆ ಕಡ್ಡಿ ಕೊಟ್ಕೊಂಡು ನಿಲ್ತೀನಿ."

ಅದಕ್ಕೆ ಮ್ಯಾನೇಜರು ಸಾಕ್ಷಿ. ಊಟದ ಡಬ್ಬಿ ತಂದಿದ್ದ ಹೆಂಡತಿಯೂ ಸಾಕ್ಷಿ.

ಬೆಸೆದೆ. ಎಂಥ ಬೆಸುಗೆ! ಸೂರ್ಯ ನಾಚಿಕೊಂಡು ಮೋಡದೊಳಗೆ ಹೋದ. ಮ್ಯಾನೇಜರು ಸಂಜೆ ಬರುತ್ತೇನೆಂದು ಹೋದರು. ಅವರ ಬೆನ್ನು ಮರೆಯಾಗುತ್ತಿದ್ದಂತೆ ಪೈಪಿನೊಳಗಿಂದ ಸಣ್ಣಗೆ 'ಟಿಣ್' ಎಂದಿತು. ಬೆಸುಗೆ ಬಿರುಕು ಬಿಡುವ ಸದ್ದು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೈಚೆಲ್ಲುತ್ತಿದ್ದರು. ನಾನು ಯೋಚಿಸಿದೆ: ತಣ್ಣಗಾದರೆ ತಾನೇ ಮುರಿಯುವುದು? ತಣ್ಣಗಾಗಲು ಬಿಟ್ಟರಲ್ಲವೇ!

ಮೊದಲು ಒಲೆಯ ಮೇಲೆ ಇಟ್ಟೆ. ಗ್ಯಾಸು ಮುಗಿಯಿತು. ಇಸ್ತ್ರಿ ಅಂಗಡಿಗೆ ಒಯ್ದೆ. ಇಸ್ತ್ರಿಯವನು ಎರಡೂ ಕಡೆ ಗರಿಗರಿಯಾಗಿ ಉಜ್ಜಿಕೊಟ್ಟ. ಬೇಕರಿಯವನು ಬ್ರೆಡ್ಡಿನ ಜೊತೆ ಒಲೆಗೆ ತಳ್ಳಿದ. ಬ್ರೆಡ್ಡಿಗಿಂತ ಚೆನ್ನಾಗಿ ಕೆಂಪಗಾಯಿತು, ಒಬ್ಬ ಗಿರಾಕಿ ಬೆಲೆ ಕೇಳಿದ. ಕೊನೆಗೆ ಕಂಬಳಿ ಸುತ್ತಿ, ಅದರ ಮೇಲೆ ಬಿಸಿನೀರಿನ ಚೀಲ ಕಟ್ಟಿ ಮಡಿಲಲ್ಲಿ ಇಟ್ಟುಕೊಂಡು ಕುಳಿತೆ. ಬೀದಿಯ ಫ್ಯಾನುಗಳನ್ನೆಲ್ಲ ಬಂದ್ ಮಾಡಿಸಿದೆ. ಪಕ್ಕದವರು ಸೀನಿದರೂ ಗದರಿದೆ.

"ರೀ, ನಮ್ಮ ಮಕ್ಕಳಿಗೆ ಜ್ವರ ಬಂದಾಗ ಒಂದು ದಿನಾನೂ ಎತ್ಕೊಂಡವರಲ್ಲ ನೀವು" ಎಂದಳು ಹೆಂಡತಿ.

"ಮಕ್ಕಳು ಮುರೀತಾ ಇರ್ಲಿಲ್ಲ ಕಣೇ!"

ಮ್ಯಾನೇಜರು ಬಂದರು. ಕಂಬಳಿ ಸರಿಸಿ ಮುಟ್ಟಿದವರೇ ಬೆರಳು ಬಾಯಿಗಿಟ್ಟುಕೊಂಡರು. "ಯಾಕ್ರೀ ಇಷ್ಟು ಬಿಸಿ?"

"ತಾಜಾ ಮಾಲು ಸಾರ್."

"ಇರ್ಲಿ. ನಮ್ಮ ಐಸ್ ಫ್ಯಾಕ್ಟರಿಗೆ ಹೋದ್ರೆ ತಾನಾಗೇ ಆರುತ್ತೆ."

ಜಗತ್ತಿನ ಕೆಲಸಗಳೆಲ್ಲ ಗೊತ್ತಿರುವ ನಾನು ಈ ಪೈಪು ಯಾವ ಕೆಲಸಕ್ಕೆ ಎಂದು ಕೇಳುವುದನ್ನು ಮರೆತಿದ್ದೆ.

"ಸಾರ್, ಐಸನ್ನ ಅಷ್ಟೊಂದು ತಣ್ಣಗೆ ಇಡ್ಲೇಬೇಕಾ? ಸ್ವಲ್ಪ ಬೆಚ್ಚಗಿಟ್ರೆ ಯಾರ ಗಂಟು ಹೋಗುತ್ತೆ? ಬೇಕಾದ್ರೆ ನಾನೇ ಬಂದು ಇದನ್ನ ತಬ್ಕೊಂಡು ಕೂರ್ತೀನಿ."

"ಇವರನ್ನೇ ಪೈಪಿಗೆ ಸೇರಿಸಿ ಬೆಸೆದುಬಿಡೋ" ಎಂದಳು ಹೆಂಡತಿ ತಮ್ಮನಿಗೆ.

ಮ್ಯಾನೇಜರು ಪರೀಕ್ಷೆಗೆಂದು ತಂದಿದ್ದ ಐಸುನೀರಿನ ಬಕೆಟ್ಟಿಗೆ ಪೈಪನ್ನು ಇಳಿಸಿದರು. 'ಚುಯ್' ಎಂದಿತು, ಆಮೇಲೆ 'ಟಣ್' ಎಂದಿತು. ಟೈಟಾನಿಯಂ ಒಂದು ಕಡೆ, ಸ್ಟೀಲು ಇನ್ನೊಂದು ಕಡೆ. ಎರಡೂ ಬೇರೆಬೇರೆಯಾಗಿ ಮುಳುಗಿದವು. ಇಷ್ಟು ನೀಟಾಗಿ ಮುರಿದ ಬೆಸುಗೆಯನ್ನು ಈ ಭೂಮಿ ಕಂಡಿಲ್ಲ, ಅದೂ ನನ್ನದೇ.

ಬಾಮೈದ ತನ್ನದೇ ತಪ್ಪೆಂಬಂತೆ ನೆಲ ನೋಡುತ್ತಿದ್ದ. ನಾನು ತಲೆಯ ಮೇಲಿದ್ದ ವೆಲ್ಡಿಂಗ್ ಮುಖವಾಡ ಕಳಚಿ, ಟಾರ್ಚಿನ ಜೊತೆ ಅವನ ಕೈಗಿಟ್ಟೆ.

"ಬೇಡ ಬಿಡಿ ಭಾವ. ಏನೋ ಬಾಯಿ ತಪ್ಪಿ ಅಂದಿದ್ದು..."

"ಹಿಡ್ಕೊಳ್ಳೋ! ಅದು ನಾನು ಆಡಿದ ಮಾತು. ತಣ್ಣಗಾದ್ರೆ ಮುರಿಯೋಕೆ ಅದೇನು ನನ್ನ ಬೆಸುಗೇನಾ?"

ಅವನು ತಾಮ್ರದ ಬಳೆ ಕೂರಿಸಿ ಬೆಸೆದ. ಪೈಪು ಐಸಿನಲ್ಲಿ ಇನ್ನೂ ಗಟ್ಟಿಯಾಗಿದೆಯಂತೆ. ಇರದೆ ಏನು? ಕಡ್ಡಿ ಕೊಟ್ಟವನು ಯಾರು! ಅವನು ಕೈ ಚಾಚುವ ಮೊದಲೇ ಕೊಡುತ್ತೇನೆ, ಬೇಡವೆಂದರೂ ಕೊಡುತ್ತೇನೆ. ನನ್ನಂಥ ಕಡ್ಡಿ ಕೊಡುವವನು ಸಿಕ್ಕರೆ ಕುರುಡನೂ ಬೆಸೆದಾನು.

"ಭಾವ, ದೀಪ ಸ್ವಲ್ಪ ಈ ಕಡೆ" ಎನ್ನುತ್ತಾನೆ ಬಾಮೈದ. ಹಿಡಿಯುತ್ತೇನೆ. ಆ ದೀಪಕ್ಕೂ ಆಚೆ ಬೀದಿಯ ಕೋಳಿಗಳು ನಿದ್ದೆಗೆಟ್ಟಿವೆ, ಬೇಕಾದರೆ ಹೋಗಿ ಕೇಳಿ.